ತವುಡು ಕೊಟ್ಟು ಕೊಂಡವಳು

೯ ಜೂನ್ ೨೦೦೩, ಸೋಮವಾರ

ಕೋಥರೂಡದ ಮನೆಯಿಂದ ಆಸ್ಪತ್ರೆಗೆ ಮತ್ತೆ ಅದೇ ಬಸ್. ಅವ್ವನಿಗೆ ಗಂಜಿ, ನನಗೆ ಎರಡು ರೊಟ್ಟಿ. ಗಂಜಿ ಬಾಯಿಗಿಟ್ಟು ಮುಖ ಸಿಂಡರಿಸಿದಳು. “ಉಪ್ಪು ತುಟ್ಟಿ ಆಗೇದೇನ?” ಉಪ್ಪು ಬಂದ್ ಮಾಡಿದವರು ಡಾಕ್ಟರು. ಸಿಟ್ಟು ನನ್ನ ಮೇಲೆ.

ನೀರಜಾ ಡಾಕ್ಟರು ಇವತ್ತು ಬಿಡಿಸಿ ಹೇಳಿದರು. ಅವ್ವನ ಲಿವರಿನಲ್ಲಿ ರಕ್ತನಾಳಗಳು ದಾರಿ ತಪ್ಪಿ ಒಂದಕ್ಕೊಂದು ಸೇರಿಕೊಂಡಿವೆ. ಹಾರ್ಟಿಗೆ ಭಾರ. ಚಿಕ್ಕಂದಿನಿಂದ ಮೂಗಿನಿಂದ ರಕ್ತ ಸೋರುವುದು, ತುಟಿಯ ಕೆಂಪು ಚುಕ್ಕೆ — ಎಲ್ಲ ಅದೇ ರೋಗ. ನಾವು ಉಷ್ಣ ಅಂತ ಸಬ್ಜಾ ಬೀಜ ಕುಡಿಸುತ್ತಿದ್ದೆವು! ಅವ್ವನ ಅಪ್ಪ, ನಮ್ಮಜ್ಜನೂ ಹಾಗೇ ಹೋದ. ವಂಶದಲ್ಲಿ ಬರುತ್ತದಂತೆ. ಯಾವ ಜೀನ್ ಎಂದು ಹುಡುಕುತ್ತಿದ್ದಾರೆ. ರಕ್ತಸಂಬಂಧಿ ಇನ್ನೊಬ್ಬರ ರಕ್ತ ಬೇಕು.

ಇನ್ನೊಬ್ಬರು ಅಂದರೆ ನಾನೇ. ಬೇರೆ ಯಾರಿದ್ದಾರೆ?

೧೧ ಜೂನ್

ಫೈಲಿನಲ್ಲಿ ನಮ್ಮ ಮನೆತನದ ನಕ್ಷೆ. ಮೇಲೆ ಅವ್ವ, ಸಾವಂತ್ರವ್ವ. ಕೆಳಗೆ ನಾನು, ನೀತಾ — ದತ್ತಕ! ನನ್ನ ರಕ್ತ ಬೇಡವಂತೆ.

ನಾನು ಔಷಧಿ ತರಲು ಹೋದಾಗ ಅವ್ವ ತನ್ನ ಹರಕು ಮರಾಠಿಯಲ್ಲಿ ಹೇಳಿದ್ದಾಳೆ, ಇವಳನ್ನು ತವುಡು ಕೊಟ್ಟು ತಗೊಂಡಿದ್ದು ಅಂತ. ಸುಳ್ಳಲ್ಲ. ನನಗಿಂತ ಮುಂಚೆ ಎರಡು ಕೂಸು ತೀರಿದ್ದವು. ನಾನು ಹುಟ್ಟಿದಾಗ ಮೊರದಲ್ಲಿ ಹಾಕಿ ನೆರೆಮನೆಯ ಬಸವಣ್ಣೆವ್ವನಿಗೆ ಕೊಟ್ಟು, ಒಂದು ಸೇರು ತವುಡಿಗೆ ತಿರುಗಿ ಕೊಂಡರು. ಸಾವಿನ ಕಣ್ಣು ತಪ್ಪಿಸುವ ಶಾಸ್ತ್ರ. ಡಾಕ್ಟರಿಗೆ ಏನು ಗೊತ್ತು, ಪಾಪ.

ನಕ್ಕು ನಕ್ಕು ಸಾಕಾಯಿತು. ತಿದ್ದಿಸಲು ಎದ್ದೆ. ಅವ್ವ ಕೈ ಹಿಡಿದಳು. ಅವಳು ನಗಲಿಲ್ಲ.

“ಇರ್ಲಿ ಬಿಡ. ಆವಾಗ ಸಾವು ನಂಬಿತ್ತು. ಈ ರೋಗಾನೂ ನಂಬ್ಲಿ.”

೧೨ ಜೂನ್

ತಿದ್ದಿಸಲಿಲ್ಲ. ಹುಚ್ಚು ಮುದುಕಿ. ನಾನೂ ಹುಚ್ಚಿ. ಇಲ್ಲಿ ಮಾತ್ರ ಬರೆಯುತ್ತೇನೆ — ದೀಪಾವಳಿಯಿಂದ ನನ್ನ ಮೂಗಿನಿಂದಲೂ ರಕ್ತ. ಆರು ಸಲ. ಕೆಂಪು ದುಪಟ್ಟಾ ಹಾಕಿಕೊಳ್ಳುತ್ತೇನೆ, ಕಾಣುವುದಿಲ್ಲ. ಭಾಳ ಹೆದರಿಕೆ ಆಗುತ್ತದೆ.

೩೦ ಜೂನ್

ಅವ್ವನ ತಲೆ ಬಾಚುತ್ತಿದ್ದೆ. ಬಿಳಿ ಕೂದಲ ಮೇಲೆ ಟಪ್ ಎಂದು ರಕ್ತದ ಹನಿ ಬಿತ್ತು. ನನ್ನದೇ. ಅವ್ವ ಬೆರಳಿನಿಂದ ಒರೆಸಿ ನೋಡಿದಳು. ಬೈಯಲಿಲ್ಲ. ಸೆರಗಿನಿಂದ ನನ್ನ ಮೂಗು ಒತ್ತಿ ಹಿಡಿದಳು. ಎಷ್ಟು ಗಟ್ಟಿ ಬೆರಳು, ಇನ್ನೂ!

“ಯಾವಾಗಿಂದ?”

“ದೀಪಾವಳಿ.”

“ನನಗ ಗೊತ್ತಿತ್ತಲೇ. ಕೆಂಪ ಸೀರಿ ನಾನೂ ಭಾಳ ಉಟ್ಟೀನಿ.”

ರೌಂಡ್ಸಿಗೆ ಬಂದ ಡಾಕ್ಟರ ಕೋಟು ಜಗ್ಗಿದಳು. “ಮಾಝೀಚ್ ಆಹೇ, ಮಾಝೀಚ್!” ನನ್ನವಳೇ ಅಂತ. ಆಮೇಲೆ ಮರಾಠಿ ಸಾಲದೆ ಕನ್ನಡ: “ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ರೀ. ಇಕಿ ರಕ್ತ ತಗೋರಿ. ಉಳಸ್ರಿ.”

ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಬೇಕಿತ್ತು. ಬದಲಿಗೆ ತೋಳು ಚಾಚಿದೆ.

೧೯ ಆಗಸ್ಟ್

ರಿಪೋರ್ಟ್ ಬಂತು. ಇಬ್ಬರ ರಕ್ತದಲ್ಲೂ ಒಂದೇ ಜೀನಿನ ಒಂದೇ ಜಾಗದಲ್ಲಿ ತಪ್ಪು. ನನ್ನ ಲಿವರ್ ಸದ್ಯ ಚೊಕ್ಕ. ವರ್ಷಕ್ಕೊಮ್ಮೆ ನೋಡಿಸಬೇಕು. ಮುಂಚೆಯೇ ತಿಳಿದದ್ದು ಒಳ್ಳೆಯದಾಯಿತು ಎಂದರು.

ಅವ್ವನಿಗೆ ಮಾತ್ರ ಇನ್ನು ಮಾಡುವಂಥದ್ದು ಹೆಚ್ಚಿಲ್ಲವಂತೆ.

೨೨ ಆಗಸ್ಟ್, ಬೆಳಿಗ್ಗೆ ೯

ಗಿರಣಿಯಿಂದ ಒಂದು ಮುಷ್ಟಿ ಗೋಧಿ ತವುಡು ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದೆ. ವಾರ್ಡಿನ ಶೀತಲ್ ಸಿಸ್ಟರ್ ಕೈಗಿಟ್ಟೆ. ಅವಳು ಬಾಯಿ ಬಿಟ್ಟು ನಿಂತಳು. ಅವ್ವನ ಕಡೆ ಬೆರಳು ಮಾಡಿದೆ. “ಇಕಿನ್ನ ನಾ ತಗೊಂಡೆ.”

ಅವ್ವನಿಗೆ ತಿಳಿಯಿತು. ನಕ್ಕಳು. ತಿಂಗಳಾಗಿತ್ತು ಅವಳು ನಕ್ಕು. “ಹುಚ್ಚಿ! ಮುದುಕಿಗೆ ಯಾರರ ತವುಡ ಕೊಡ್ತಾರೇನ? ದಂಡ.”

“ಸುಮ್ನಿರು. ಯಾರರ ನಿನ್ನ ಕರಿಯಾಕ ಬಂದ್ರ, ಇಕಿ ನಮ್ಮವ್ವ ಅಲ್ಲ ಅಂತೀನಿ.”

“ಮತ್ತ ನಾ ನಿನಗ ಯಾರು?”

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೂಗಿನಿಂದ ರಕ್ತ. ಅವ್ವ ಆಗಲೇ ಸೆರಗು ಹಿಡಿದು ಕೈ ಚಾಚಿದ್ದಳು.

ಈಗ ಅವಳಿಗೆ ನಿದ್ದೆ ಹತ್ತಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಅವಳು ಬಿಟ್ಟಿಲ್ಲ. ಎದ್ದ ಮೇಲೆ ಹೇಳುತ್ತೇನೆ, ಅವ್ವಾ, ನೀನು ನನ್ನ ತವುಡಿನ ಕೂಸು.