ಮೊದಲ ಗಂಟೆ

ಏಪ್ರಿಲ್ ೯, ಭಾನುವಾರ

ಪ್ರೀತಿಯ ತಂಗೀ,

ನೀನೂ ಪುಟ್ಟಿಯೂ ಹೇಗಿದ್ದೀರಿ? ಅವಳ ಕೆಮ್ಮು ಬಿಟ್ಟಿತಾ? ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೈಯಬೇಡ. ಬೈದರೂ ಸರಿ, ಬೈಯುವುದಕ್ಕಾದರೂ ನೀನು ಬಾಯಿ ಬಿಡಬೇಕಲ್ಲ! ಫೋನ್ ಮಾಡಿದಾಗಲೆಲ್ಲ ನಿಮ್ಮಮ್ಮ "ಅವಳು ಮಲಗಿದ್ದಾಳೆ" ಅನ್ನುತ್ತಾರೆ. ಹಾಡುಹಗಲಲ್ಲಿ ಯಾರಮ್ಮಾ ಅಷ್ಟು ಮಲಗುತ್ತಾರೆ? ಪೇಪರಿನಲ್ಲಿ ಬಂದ ಫೋಟೊ ನೀನು ನೋಡಿದ್ದೀಯ ಅಂತ ಆಗಲೇ ಗೊತ್ತಾಯಿತು. ನಿನ್ನ ಗಂಡನ ಸಾವಿನ ವಿಚಾರಣೆಯನ್ನು ಮುಚ್ಚಿಹಾಕಿದ ಶಾಸಕನನ್ನು ನಿನ್ನ ಭಾವ ತಬ್ಬಿಕೊಂಡು ನಿಂತಿರುವ ಫೋಟೊ. ಕೆಳಗೆ "ವಿಚಾರಣೆಯಿಂದ ಬಾಕ್ಸಿಂಗ್ ಚಾಂಪಿಯನ್‌ಗೆ ತೃಪ್ತಿ" ಎಂಬ ಸಾಲು ಬೇರೆ. ಬರೆದವನ ಮನೆ ಹಾಳಾಗ! ನಡೆದದ್ದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ಪೂರ್ತಿ ಓದು, ಆಮೇಲೆ ಬೇಕಾದರೆ ನಮ್ಮನ್ನು ದೂರ ಮಾಡು.

ನಾಗರಿಕ ಹಕ್ಕುಗಳ ಸಮಿತಿಯವರು ಔತಣಕೂಟಕ್ಕೆ ಕರೆದಾಗ ಇವರು ಒಪ್ಪಿದ್ದು ಒಂದೇ ಕಾರಣಕ್ಕೆ. ಮೇಯರ್, ಕಾರ್ಪೊರೇಟರುಗಳು, ಆ ಶಾಸಕ, ಪತ್ರಿಕೆಯವರು ಎಲ್ಲರೂ ಒಂದೇ ಹಾಲ್‌ನಲ್ಲಿ ಸಿಗುತ್ತಾರೆ. "ಠಾಣೆ ಒಳಗೆ ತಮ್ಮನಿಗೆ ಏನಾಯ್ತು ಅಂತ ಮತ್ತೆ ವಿಚಾರಣೆ ಮಾಡಿಸಿ ಅಂತ ಎಲ್ಲರ ಮುಂದೇನೇ ಕೇಳ್ತೀನಿ. ಆಗ ಹೇಗೆ ಇಲ್ಲ ಅಂತಾರೆ ನೋಡೋಣ" ಅಂದರು. ನಿನಗೆ ಗೊತ್ತಲ್ಲ, ನಿನ್ನ ಭಾವನ ಬಾಯಿಂದ ಮಾತು ಹೊರಡಿಸುವುದು ಎಂಥ ಕಷ್ಟ ಅಂತ. ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ಗಡ್ಡ ಕೆರೆಯುವಾಗಲೂ ಅದೇ ಭಾಷಣ. ನಾನು ನಕ್ಕರೆ ಮೂಗಿನ ತುದಿಯಲ್ಲಿ ಸಿಟ್ಟು.

ಹಾಲ್‌ನಲ್ಲಿ ಬಂದಬಂದವರೆಲ್ಲ ಇವರ ಪಕ್ಕ ನಿಂತು, ಗಲ್ಲದ ಹತ್ತಿರ ಮುಷ್ಟಿ ಹಿಡಿದು ಫೋಟೊ ತೆಗೆಸಿಕೊಂಡರು. "ನನ್ನ ಹೊಟ್ಟೆಗೊಂದು ಮೆಲ್ಲಗೆ ಗುದ್ದಿ ಸಾರ್, ಮೊಮ್ಮಕ್ಕಳಿಗೆ ತೋರಿಸ್ಬೇಕು" ಅಂತ ಮೇಯರ್. ತಮ್ಮನ ಸುದ್ದಿ ಮಾತ್ರ ಯಾರ ಬಾಯಲ್ಲೂ ಇಲ್ಲ.

ಅಧ್ಯಕ್ಷೆಯ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇತ್ತು. ಒಂದು ಸಲ ಬಾರಿಸಿದರೆ ಭಾಷಣಕ್ಕೆ ಇನ್ನು ಸ್ವಲ್ಪ ಹೊತ್ತು ಉಳಿದಿದೆ ಅಂತ, ಎರಡು ಸಲ ಬಾರಿಸಿದರೆ ಸಾಕು ಅಂತ. ಯಾರು ಕೇಳುತ್ತಾರೆ! ಅಧ್ಯಕ್ಷೆ ಎರಡನೆಯ ಸಲ ಬಾರಿಸಿದ ಮೇಲೆಯೇ ಮೇಯರ್ ತಮ್ಮ ಬಾಲ್ಯದ ಕಥೆ ಶುರುಮಾಡಿದರು.

ಆಮೇಲೆ ಇವರ ಸರದಿ. ನಿಧಾನವಾಗಿ ಎಲ್ಲರಿಗೂ ನಮಸ್ಕಾರ ಹೇಳಿದರು. ಕರೆದಿದ್ದಕ್ಕೆ ಸಂತೋಷ ಅಂದರು. ನೀರು ಕುಡಿದರು. "ನನ್ನ ತಮ್ಮ ಠಾಣೆಗೆ ತನ್ನ ಕಾಲಲ್ಲೇ ನಡ್ಕೊಂಡು ಹೋದ. ಹೊರಗೆ ಬರುವಾಗ..." ಅನ್ನುತ್ತಿದ್ದಂತೆ ಗಂಟೆ ಹೊಡೆಯಿತು. ಬರೀ ಮೊದಲ ಗಂಟೆ ತಂಗೀ!

ಇಪ್ಪತ್ತು ವರ್ಷ ಬಾಕ್ಸಿಂಗ್ ರಿಂಗ್‌ನಲ್ಲಿ ಗಂಟೆ ಕೇಳಿದ ತಕ್ಷಣ ಕೈ ಇಳಿಸಿದ ಮನುಷ್ಯ. ಮಾತು ಅಲ್ಲೇ ನಿಂತಿತು, ಕೈ ಕೆಳಗಿಳಿಯಿತು, ತಿರುಗಿ ತಮ್ಮ ಕುರ್ಚಿಯ ಕಡೆ ಹೊರಟೇಬಿಟ್ಟರು. "ರೀ, ಇನ್ನೂ ಮುಗಿದಿಲ್ಲ, ಹೇಳ್ರೀ!" ಅಂತ ನಾನು ಎದ್ದು ಕೂಗಿದೆ. ಚಪ್ಪಾಳೆಯಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು? ಅಷ್ಟರಲ್ಲಿ ಆ ಶಾಸಕ ಎದ್ದು ತೋಳು ಚಾಚಿದ. ಗಂಟೆ ಆದ ಮೇಲೆ, ಹೊಡೆದವನೇ ಆದರೂ ಎದುರಾಳಿಯನ್ನು ತಬ್ಬಿಕೊಳ್ಳುವುದು ಇವರ ಆಟದ ರೂಢಿ. ಇವರು ತಬ್ಬಿಕೊಂಡರು. ಕ್ಯಾಮೆರಾಗಳು ಅದಕ್ಕೇ ಕಾದಿದ್ದವು.

ಕುರ್ಚಿಗೆ ಬಂದು ಕೂತ ಮೇಲೆ ನನ್ನ ಮುಖ ನೋಡಿ, "ನಾನು ಕೇಳ್ಲೇ ಇಲ್ಲ ಅಲ್ವಾ?" ಅಂದರು. ಎದ್ದು ಅಧ್ಯಕ್ಷೆಯ ಹತ್ತಿರ ಹೋದರೆ, "ಇನ್ನೂ ಮಾತಾಡೋರು ಬಹಳ ಜನ ಇದ್ದಾರೆ ಸಾರ್" ಅಂತ ನಯವಾಗಿ ವಾಪಸ್ ಕಳಿಸಿದಳು. ಈಗ ಮರುವಿಚಾರಣೆ ಕೇಳಲು ಕಚೇರಿಗೆ ಹೋದರೆ ಗುಮಾಸ್ತರು ಆ ಫೋಟೊ ತೋರಿಸಿ, "ಮನೆಯೋರೇ ಒಪ್ಪಿದ್ದಾರಲ್ಲ" ಅನ್ನುತ್ತಾರೆ. ನನ್ನ ಹೊಟ್ಟೆ ಉರಿಯುತ್ತದೆ ತಂಗೀ. ನಿನ್ನದು ಎಷ್ಟು ಉರಿಯುತ್ತಿದೆಯೋ.

ಪುಟ್ಟಿಗೆ ನಮ್ಮಿಬ್ಬರ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತೂ ಅತ್ತೂ ಕಣ್ಣು ಕೆಡಿಸಿಕೊಳ್ಳಬೇಡ. ನೀವಿಬ್ಬರೂ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ರಿಂಗ್‌ನ ಅಭ್ಯಾಸದಲ್ಲಿ ಗಂಟೆ ಹೊಡೆದಾಗ ಎದುರಿಗಿದ್ದ ಹಳೆಯ ಗೆಳೆಯ ಕೈ ಇಳಿಸಿದನಂತೆ. ಇವರು ನಿಲ್ಲಿಸಲಿಲ್ಲ. ಅವನ ದವಡೆ ಮುರಿದಿದೆ, ಆಸ್ಪತ್ರೆಯಲ್ಲಿದ್ದಾನೆ. ಇವರು ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು, "ಕೈ ಕೆಳಗಿಟ್ಟೋನಿಗೆ ಹೊಡೆದೆ ಕಣೇ. ತಮ್ಮನಿಗೂ ಹೀಗೇ ಹೊಡೆದಿರ್ತಾರೆ ಅಲ್ವಾ?" ಅಂದರು. ಕೈಗೆ ಸುತ್ತಿದ ಪಟ್ಟಿಯನ್ನು ಬಿಚ್ಚಲು ಇನ್ನೂ ಬಿಡುತ್ತಿಲ್ಲ. ನೀನು ಮಾತಾಡದಿದ್ದರೂ ಬೇಡ, ಪುಟ್ಟಿಯ ಕೈಯಲ್ಲಿ ಒಂದು ಸಲ ಫೋನ್ ಕೊಟ್ಟು "ದೊಡ್ಡಪ್ಪಾ" ಅನ್ನಿಸು.