ಎತ್ತಿದ ಕೈ

ಫೆಬ್ರವರಿ ೩, ಸೋಮವಾರ

ಇವತ್ತೂ ಇಂಗ್ಲಿಷ್ ಸರ್ವನಾಮ. ಡಸ್ಟರ್ ಬಟ್ಟೆ ಸುತ್ತಿ ಚೆಂಡು ಮಾಡಿಕೊಂಡೆ. ಹಿಡಿದವರು ‘ಐ’, ಯಾರಿಗೆ ಎಸೆಯುತ್ತಾರೋ ಅವರು ‘ಯೂ’, ಸುಮ್ಮನೆ ಕೂತವರು ‘ಹೀ’ ಇಲ್ಲವೇ ‘ಶೀ’. ಆರನೇ ಕ್ಲಾಸಿಗೆ ಎಲ್ಲರೂ ‘ಹೀ’. ಅಮ್ಮನೂ ‘ಹೀ’, ಅಜ್ಜಿಯೂ ‘ಹೀ’. ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಯ ಬೆಂಚಿನ ಪಿಸು — ಮಾತಾಡಿದರೆ ಪಕ್ಕದವಳಿಗೂ ಕೇಳಿಸದು, ಅದಕ್ಕೇ ಆ ಹೆಸರು — ಚೆಂಡು ಹಿಡಿದಳು, ತುಟಿ ಅಲ್ಲಾಡಿಸಿದಳು, ಅಷ್ಟೇ.

ಫೆಬ್ರವರಿ ೪, ಸಂಜೆ

ಹೆಡ್‌ಮಿಸ್ ಕರೆಸಿದ್ದರು. ಹದಿಮೂರಕ್ಕೆ ಇನ್‌ಸ್ಪೆಕ್ಷನ್, ನನ್ನ ಕ್ಲಾಸೇ ನೋಡುತ್ತಾರಂತೆ. ಪ್ರತಿ ವರ್ಷದ ಏರ್ಪಾಡು ವಿವರಿಸಿದರು: ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಬಂದವರಿಗೆ ಎಲ್ಲರ ಕೈಯೂ ಮೇಲಿರುವುದು ಕಾಣಬೇಕು. ನಾನು ಬಲಗೈಯವರನ್ನಷ್ಟೇ ಕೇಳಬೇಕು. ಮೈಯೆಲ್ಲ ಉರಿಯಿತು. ಪಿಸುವಿಗೆ ಎಡಗೈ ಅಂತ ಅವರೇ ಗೊತ್ತು ಮಾಡಿದ್ದಾರೆ. ಹೋದ ವರ್ಷ ಅತಿಥಿಗಳ ಮುಂದೆ ಹೆಡ್‌ಮಿಸ್ಸನ್ನೇ ‘ಹೀ’ ಅಂದುಬಿಟ್ಟಿದ್ದಳಂತೆ. ಅದೊಂದು ಸಲ ಮಾತ್ರ ಎಲ್ಲರಿಗೂ ಕೇಳಿಸಿತ್ತಂತೆ. ಅವರ ಆ ಸಿಟ್ಟು ಇನ್ನೂ ಆರಿಲ್ಲ.

ಆಗುವುದಿಲ್ಲ ಅಂದೆ.

“ನೀವು ಟೆಂಪರರಿ ಅನ್ನೋದು ನೆನಪಿರಲಿ.”

ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಕೈ ತಾನೇ, ಯಾವುದಾದರೇನು, ಕೆಲಸ ಉಳಿಸಿಕೋ ಅಂದಳು ಅಕ್ಕ. ಅವಳ ಮೇಲೂ ಹರಿಹಾಯ್ದೆ.

ಫೆಬ್ರವರಿ ೭

ಊಟದ ಬಿಡುವಿನಲ್ಲಿ ಪಿಸುವನ್ನು ಕೂರಿಸಿಕೊಂಡೆ. ನಾವಿಬ್ಬರೇ. ಕಿಟಕಿಯಾಚೆ ಓಡಾಡುವವರನ್ನು ತೋರಿಸಿ ಕೇಳಿದೆ. ವಾಚ್‌ಮನ್ — ‘ಹೀ’. ಆಯಾ — ‘ಶೀ’. ಕುಂಟೆಬಿಲ್ಲೆ ಆಡುವ ಹುಡುಗಿಯರು — ‘ದೇ’. ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ಹೆಡ್‌ಮಿಸ್ ಹಾದುಹೋದರು. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು, ನಾನೂ ನಕ್ಕೆ.

ಬಲಗೈ ಎತ್ತು, ನಿನ್ನನ್ನೇ ಕೇಳುತ್ತೇನೆ ಅಂದೆ. ಯಾರ ಅಪ್ಪಣೆ ಬೇಕು ನನಗೆ?

ಫೆಬ್ರವರಿ ೧೩, ಸಂಜೆ ನಾಲ್ಕು

ಮುಗಿಯಿತು. ಸಿಟ್ಟಿಗೆ ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಇನ್‌ಸ್ಪೆಕ್ಟರ್ ಗೋಡೆ ಪಕ್ಕ ಕೂತರು. ಹೆಡ್‌ಮಿಸ್ ಬಾಗಿಲಲ್ಲಿ. ಮೊದಲ ಪ್ರಶ್ನೆಗೇ ಪಿಸುವಿನ ಬಲಗೈ ಮೇಲಕ್ಕೆ — ಬೆಂಚಿನಿಂದ ಅರ್ಧ ಎದ್ದೇ ಬಿಟ್ಟಿದ್ದಳು. ಹೆಡ್‌ಮಿಸ್ ನನ್ನನ್ನು ನೋಡಿದರು. ಬರೀ ನೋಡಿದರು. ಮುಂದಿನ ಬೆಂಚಿನವನನ್ನು ಕೇಳಿದೆ. ಎರಡನೆಯದಕ್ಕೆ ಅವನ ಪಕ್ಕದವಳನ್ನು. ಪಿಸು ಕೈ ಇಳಿಸಲಿಲ್ಲ. ನೋವು ಬಂದಾಗ ಇನ್ನೊಂದು ಕೈಯಿಂದ ಆನಿಸಿ ಹಿಡಿದುಕೊಂಡಳು. ಬೆಲ್ ಹೊಡೆಯುವವರೆಗೂ. ನಾನು ಬೋರ್ಡಿನ ಕಡೆ ತಿರುಗಿ ಬರೆದೆ, ಬರೆದೇ ಬರೆದೆ...

ಇಂಥ ಚುರುಕು ಕ್ಲಾಸ್ ನೋಡೇ ಇಲ್ಲವಂತೆ ಇನ್‌ಸ್ಪೆಕ್ಟರು. ಥೂ.

ಫೆಬ್ರವರಿ ೨೦

ಮುಂದಿನ ವರ್ಷಕ್ಕೂ ನನ್ನನ್ನೇ ಇಟ್ಟುಕೊಳ್ಳುತ್ತಾರಂತೆ. ಅಕ್ಕನಿಗೆ ಹಿಗ್ಗೋ ಹಿಗ್ಗು. ಇಷ್ಟು ದಿನ ಹೆಡ್‌ಮಿಸ್‌ಗೆ ಮನಸ್ಸಿನಲ್ಲೇ ಶಾಪ ಹಾಕಿದ್ದೇನೆ. ಅವರು ನೋಡಿದರು, ಅಷ್ಟೇ. ಹೆದರಿದ್ದು ನಾನು.

ಇವತ್ತು ಮತ್ತೆ ಅದೇ ಪಾಠ. ತೀರಾ ಸುಲಭದ ಪ್ರಶ್ನೆ, ಅವಳಿಗಾಗಿಯೇ ಕೇಳಿದ್ದು. ಪಿಸು ಎಡಗೈ ಎತ್ತಿದಳು.

ಹತ್ತಿರ ಹೋದೆ. ನಿನಗೆ ಗೊತ್ತಲ್ಲ, ಆ ಕೈ ಎತ್ತು ಅಂದೆ. ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಹೇಳಿದಳು, ಇಡೀ ಕ್ಲಾಸಿಗೆ ಕೇಳಿಸುವಷ್ಟು ಗಟ್ಟಿಯಾಗಿ.

“ಇದೇ ಇರ್ಲಿ ಮಿಸ್. ಈ ಕೈ ಎತ್ತಿದ್ರೆ ಕಾಯೋದು ಬೇಡ.”

ನಾಳೆ ಎಲ್ಲರ ಮುಂದೆ, ಹೆಡ್‌ಮಿಸ್ ಇದ್ದರೂ ಸರಿ, ಅವಳಿಗೆ ತಪ್ಪಾಯಿತು ಅಂತ ಹೇಳಬೇಕು.