ವಂಶಾವಳಿ ಬಿಟ್ಟ ಹೆಸರು

ಅರಮನೆಯ ಹಿಂಬದಿ ಕೋಣೆಯಿಂದ,
ಪಟ್ಟಾಭಿಷೇಕದ ಮರುದಿನ

ನನ್ನ ಮುದ್ದು ಮಗಳೇ,

ದೂರದ ಸೀಮೆಗೆ ರಾಣಿಯಾಗಿ ಹೋದ ನಿನಗೂ ನಿನ್ನ ಮಗನಿಗೂ ಅಮ್ಮನ ಆಶೀರ್ವಾದ.

ನಿನ್ನ ಅಣ್ಣ ತೀರಿಕೊಂಡ ಸುದ್ದಿ ಇಷ್ಟರಲ್ಲಿ ತಲುಪಿರಬೇಕು. ಬೇಟೆಯಿಂದ ಬಂದವನಿಗೆ ಜ್ವರ ಹತ್ತಿತು, ವೈದ್ಯರ ಕೈಮೀರಿತು. ಆಳಿದ್ದು ಮೂರೇ ವರ್ಷ. ಕೊನೆಗಾಲದಲ್ಲಿ ನೋವಿರಲಿಲ್ಲ ಅಂದರು. ನಾನು ನೋಡಲಿಲ್ಲ, ಜ್ವರ ಅಂಟೀತೆಂದು ಬಾಗಿಲಲ್ಲೇ ತಡೆದರು.

ನಿನ್ನೆ ನಿನ್ನ ತಮ್ಮ ಸಿಂಹಾಸನವೇರಿದ. ಕಿರೀಟವಿಡಲು ನನ್ನನ್ನೇ ಕರೆದ. ಚಿಕ್ಕಂದಿನಲ್ಲಿ ತಲೆ ಬಾಚಿಸಿಕೊಳ್ಳಲು ಕೂರುತ್ತಿದ್ದ ಹಾಗೆಯೇ ಕತ್ತು ಬಗ್ಗಿಸಿ ಕುಳಿತಿದ್ದ. ನಾನು ಕಿರೀಟ ಎತ್ತಿಕೊಂಡಾಗ, "ಭಾರ ಇದೆ, ನಿಧಾನ ಅಮ್ಮ" ಅಂದ. ಆಮೇಲೆ ಆಸ್ಥಾನಕವಿ ನಮ್ಮ ವಂಶದ ಚರಿತ್ರೆ ಓದಿದ. ಹೊಳೆ ದಾಟಿ ಬಂದು ರಾಜ್ಯ ಕಟ್ಟಿದ ಮೂಲಪುರುಷ, ಕಡಲ ಬಂದರುಗಳನ್ನು ಗೆದ್ದ ನಿನ್ನಜ್ಜ, ಆನೆಪಡೆ ಬೆಳೆಸಿದ ನಿನ್ನಪ್ಪ. ಅಪ್ಪನ ಹೆಸರಾದ ಮೇಲೆ ನೇರವಾಗಿ ತಮ್ಮನ ಹೆಸರು ಬಂತು. ಸಭೆಯಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಕವಿಗೆ ವಯಸ್ಸಾಯಿತು, ಮರೆತಿರಬೇಕು.

ನಿನ್ನ ಅತ್ತಿಗೆ, ಅವಳ ಕೂಸು ಚೆನ್ನಾಗಿದ್ದಾರೆ. ಅವರ ಕೋಣೆಯ ಕಾವಲಿಗೆ ತಮ್ಮ ತನ್ನ ನಂಬಿಕಸ್ಥರನ್ನೇ ಹಾಕಿದ್ದಾನೆ.

ನಿನ್ನನ್ನೂ ನಿನ್ನ ಮಗನನ್ನೂ ನೋಡಬೇಕೆಂದು ಅವನಿಗೆ ಬಹಳ ಆಸೆ. ಪಲ್ಲಕ್ಕಿ ಕಳಿಸುತ್ತಾನಂತೆ. ಬಾ, ತಾಯಿ.

ಇಬ್ಬರು ರಾಜರನ್ನು ಹೆತ್ತ,
ನಿನ್ನ ಅಮ್ಮ

ಇನ್ನೊಂದು ಮಾತು: ಇಲ್ಲಿಯವರೆಗಿನದನ್ನು ನಿನ್ನ ತಮ್ಮ ಓದಿದ. ಚೆನ್ನಾಗಿದೆ ಅಂದು, ಮುದ್ರೆ ಒತ್ತುವ ಕೆಲಸ ನನಗೇ ಬಿಟ್ಟುಹೋದ. ಅಮ್ಮನ ಮೇಲೆ ಅಷ್ಟು ನಂಬಿಕೆ.

ನೀನು ಬರಬೇಡ. ಮಗನನ್ನಂತೂ ಹೊಸಿಲು ದಾಟಿಸಬೇಡ. ಸಿಂಹಾಸನಕ್ಕೆ ಹಕ್ಕಿರುವ ಯಾರನ್ನೂ ಇವನು ಬಿಡುವುದಿಲ್ಲ. ಅಣ್ಣನಿಗೆ ಜ್ವರ ಬಂದಿರಲಿಲ್ಲ. ಕಾವಲಿನವನೊಬ್ಬ ಕನಿಕರಪಟ್ಟು ನನ್ನನ್ನು ಒಳಗೆ ಬಿಟ್ಟ. ನಿನ್ನ ಅಣ್ಣನ ಮೈ ತೊಳೆದವಳು ನಾನೇ. ಗಾಯ ಬೆನ್ನಿನಲ್ಲಿತ್ತು. ಎಲ್ಲ ಗೊತ್ತಿದ್ದೂ ಕಿರೀಟವಿಟ್ಟದ್ದು ಆ ಕೂಸಿನ ಜೀವಕ್ಕಾಗಿ.

ನಿನ್ನ ಗಂಡನಿಗೆ ಹೇಳು, ದಂಡೆತ್ತಿ ಬರುವುದು ಬೇಡ. ಕೂಸು ಇವನ ಕೈಯಲ್ಲಿದೆ ಅನ್ನುವುದಷ್ಟೇ ಕಾರಣವಲ್ಲ, ಮಗಳೇ. ನನಗೆ ಉಳಿದಿರುವ ಮಗ ಇವನೊಬ್ಬನೇ. ದಿನಾ ಸಂಜೆ ಬಂದು, "ಊಟ ಆಯ್ತೇನಮ್ಮ?" ಅಂತಾನೆ. ಮುಖ ನೋಡಬಾರದು ಅಂದುಕೊಂಡೇ ಕುಳಿತಿರುತ್ತೇನೆ. "ಆಯ್ತು, ನಿಂದಾಯ್ತಾ ಕಂದ?" ಅಂತ ಬಾಯಿ ತಾನಾಗಿ ಕೇಳಿಬಿಡುತ್ತದೆ.